ಅಜ್ಜನ ಚದುರಂಗ, ಮೊಮ್ಮಗಳ ಚೆಸ್: ಯಾರ ನಿಯಮ ಸರಿ?

ಪ್ರಶ್ನೆ: ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಮಾವನವರ ಊರು ಹೊನ್ನಾಳಿ ಕಡೆಯ ಒಂದು ಹಳ್ಳಿ. ನಮ್ಮ ಒಂಬತ್ತು ವರ್ಷದ ಮಗಳಿಗೆ ಚದುರಂಗ ಕಲಿಸಿದವರು ಅವರೇ. ಈಗ ಅವಳು ಚೆಸ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಅಲ್ಲಿನ ಮೇಷ್ಟ್ರು "ನಿಮ್ಮಜ್ಜ ಹೇಳಿಕೊಟ್ಟಿದ್ದೆಲ್ಲ ತಪ್ಪು, ಮೊದಲು ಅದನ್ನ ಮರೆತುಬಿಡು" ಅಂದರಂತೆ. ಮಾವನವರಿಗೆ ಬಹಳ ಬೇಜಾರಾಗಿದೆ. ಪ್ಯಾದೆಯನ್ನು ಎರಡು ಮನೆ ಓಡಿಸುವುದು, ರಾಜನನ್ನೂ ಆನೆಯನ್ನೂ ಅದಲುಬದಲು ಮಾಡುವುದು ಎಲ್ಲ ಇಂಗ್ಲಿಷರ ಆಟ, ನಮ್ಮದಲ್ಲ ಅನ್ನುತ್ತಾರೆ. ಅತ್ತೆಯವರಿಗೆ ಆಟದ ಮೇಲೇ ಕೋಪ: ಧರ್ಮರಾಯ ರಾಜ್ಯ ಕಳಕೊಂಡಿದ್ದು ಇದರಲ್ಲೇ ಅಂತ. ನಮ್ಮ ಯಜಮಾನರಿಗೆ ಮಗಳ ಗಣಿತ ಸುಧಾರಿಸಿದರೆ ಸಾಕು. ಇವರಲ್ಲಿ ಯಾರ ಮಾತು ಸರಿ?

ಉತ್ತರ: ಮೇಷ್ಟ್ರ ಮಾತು ಟೂರ್ನಮೆಂಟಿನ ಮಟ್ಟಿಗೆ ಸರಿ, ಅದರಾಚೆಗೆ ತಪ್ಪು. ಮಾವನವರ ಮಾತು ಅರ್ಧ ಸರಿ. ಅತ್ತೆಯವರು ಹೇಳುವುದು ನಿಜವಲ್ಲ, ಆದರೆ ಅವರ ಹೆದರಿಕೆ ಎಲ್ಲಿಂದಲೋ ಸುಮ್ಮನೆ ಬಂದದ್ದೂ ಅಲ್ಲ. ಯಜಮಾನರ ಆಸೆ ಈಡೇರುವುದು ಮಾತ್ರ ಅನುಮಾನ. ಒಂದು ಮಣೆಯ ಸುತ್ತ ಇಷ್ಟು ಜನ ಕೂತು ವಾದ ಮಾಡುವ ಮನೆ ನನಗೆ ಇಷ್ಟವೇ. ಆದರೆ ಪಾಪ, ಆ ಮಗು ಅಜ್ಜನಿಗೂ ಮೇಷ್ಟ್ರಿಗೂ ನಡುವೆ ಸಿಕ್ಕಿಕೊಂಡಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮಾವನವರ ಆಟ. ನೀವು ಬರೆದದ್ದು ಎರಡೇ ನಿಯಮ. ಉಳಿದದ್ದನ್ನು ನಾನೇ ಊಹಿಸುತ್ತೇನೆ, ಸರಿಯೋ ಅಂತ ಅವರನ್ನೇ ಕೇಳಿ ನೋಡಿ. ಅವರ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಕ್ಯಾಸ್ಲಿಂಗ್ (ನೀವು ಬರೆದ ರಾಜ-ಆನೆ ಅದಲುಬದಲು) ಇಲ್ಲ, ಅದರ ಬದಲು ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು, ಅದೂ ಅಲ್ಲಿಯವರೆಗೆ ಅವನಿಗೆ ಚೆಕ್ ಬಿದ್ದಿರಬಾರದು. ಕೊನೆಯ ಸಾಲು ಮುಟ್ಟಿದ ಪ್ಯಾದೆ ಕೇಳಿದ ಕಾಯಿ ಆಗುವುದಿಲ್ಲ. ಆನೆಯ ಮನೆಗೆ ಹೋದದ್ದು ಆನೆ, ಒಂಟೆಯ ಮನೆಗೆ ಹೋದದ್ದು ಒಂಟೆ, ಕುದುರೆಯ ಮನೆಗೆ ಹೋದದ್ದು ಕುದುರೆ. ರಾಜನ ಮನೆಗೋ ಮಂತ್ರಿಯ ಮನೆಗೋ ಹೋದರೆ ಮಂತ್ರಿ. ಕೆಲವು ಕಡೆ ಆ ಕಾಯಿ ಮೊದಲೇ ಸತ್ತಿದ್ದರೆ ಮಾತ್ರ ಈ ಬಡ್ತಿ. ಕಾಯಿ ಹೂಡುವಾಗ ಇವನ ರಾಜನೆದುರು ಅವನ ಮಂತ್ರಿ ನಿಲ್ಲುತ್ತಾನೆ. ಕ್ಲಾಸಿನಲ್ಲಿ ರಾಜನೆದುರು ರಾಜ. ಇನ್ನು ಪ್ಯಾದೆಯಿಂದಲೇ ಮಾತ್ ಕೊಟ್ಟವನಿಗೆ ಕಟ್ಟೆಯ ಮೇಲೆ ಮರ್ಯಾದೆ ಜಾಸ್ತಿ. ಮಂತ್ರಿಯನ್ನು ಕುಣಿಸಿ ಗೆಲ್ಲುವುದು ಏನು ಮಹಾ, ಅನ್ನುವ ಧಾಟಿ.

ಇದೊಂದೂ ನಿಮ್ಮ ಮಾವನವರು ಮನಸ್ಸಿಗೆ ಬಂದಂತೆ ಕಟ್ಟಿದ್ದಲ್ಲ. ಭಾರತದ ಬೇರೆ ಬೇರೆ ಕಡೆ ಜನ ಆಡುತ್ತಿದ್ದ ಇಂಥವೇ ನಿಯಮಗಳನ್ನು ಇಂಗ್ಲೆಂಡಿನ ಇತಿಹಾಸಕಾರ ಎಚ್.ಜೆ.ಆರ್. ಮರ್ರೆ 1913ರಲ್ಲೇ ಸಾಲುಸಾಲಾಗಿ ದಾಖಲಿಸಿದ್ದಾರೆ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ವ್ಯತ್ಯಾಸಗಳೂ ಬೇಕಾದಷ್ಟಿದ್ದವು. ಒಂದು ಕಡೆ ರಾಜ, ಮಂತ್ರಿ, ಆನೆಗಳ ಮುಂದಿನ ಪ್ಯಾದೆಗಳಿಗೆ ಮಾತ್ರ ಎರಡು ಮನೆಯ ಸವಲತ್ತು. ಇನ್ನೊಂದು ಕಡೆ ಆಟ ಬೇಗ ಕಾವೇರಲಿ ಅಂತ ಶುರುವಿನಲ್ಲೇ ಇಬ್ಬರೂ ಒಟ್ಟಿಗೆ ನಾಲ್ಕಾರು ನಡೆ ಇಟ್ಟುಬಿಡುವ ಪದ್ಧತಿ. ನಮ್ಮ ಚಿತ್ರದುರ್ಗದ ಕಡೆಯ ಹಿರಿಯರನ್ನು ಕೇಳಿದರೂ ಅಷ್ಟೆ, ಹೊಳಲ್ಕೆರೆಯವರು ಒಂದು ಹೇಳಿದರೆ ಚಳ್ಳಕೆರೆಯವರು ಇನ್ನೊಂದು ಹೇಳುತ್ತಾರೆ. ಬೇರೆ ಊರಿನ ಆಟಗಾರ ಬಂದರೆ ಕಾಯಿ ಮುಟ್ಟುವ ಮೊದಲು "ನಿಮ್ಮಲ್ಲಿ ಹೆಂಗೆ?" ಅಂತ ಕೇಳಿಕೊಳ್ಳುವುದು ವಾಡಿಕೆ. ಅರ್ಧ ದಾರಿಯಲ್ಲಿ ರಾಜ ಹಾರಿದಾಗ ಜಗಳ ಬೀಳಬಾರದಲ್ಲ!

ಹಾಗಾದರೆ ಮಾವನವರ ಮಾತು ಯಾಕೆ ಅರ್ಧ ಮಾತ್ರ ಸರಿ? ಅವರ ಮಂತ್ರಿಯನ್ನು ನೋಡಿ. ಉದ್ದ, ಅಡ್ಡ, ಮೂಲೆ, ಎಲ್ಲ ಕಡೆ ಎಷ್ಟು ದೂರ ಬೇಕಾದರೂ ಓಡುತ್ತಾನೆ ತಾನೆ? ಹಳೆಯ ಆಟದಲ್ಲಿ ಮಂತ್ರಿಗೆ ಆ ಕಾಲೇ ಇರಲಿಲ್ಲ. ಮೂಲೆಗೆ ಒಂದೇ ಮನೆ ಸರಿಯುತ್ತಿದ್ದ, ಅಷ್ಟೆ. ಒಂಟೆಯ ಉದ್ದ ಓಟವೂ ಇರಲಿಲ್ಲ. ಅವೆರಡಕ್ಕೂ ಈ ಬಲ ಬಂದದ್ದು 15ನೇ ಶತಮಾನದ ಕೊನೆಯ ಭಾಗದಲ್ಲಿ, ಸ್ಪೇನಿನ ವೇಲೆನ್ಸಿಯಾ ಕಡೆಯಲ್ಲಿ. ಅದು ಯುರೋಪಿನಲ್ಲೆಲ್ಲ ಹಬ್ಬಿ, ಆಮೇಲೆ ಇಲ್ಲಿಗೂ ಬಂತು. ಇಲ್ಲಿನವರು ಓಡುವ ಮಂತ್ರಿಯನ್ನು ಒಪ್ಪಿಕೊಂಡರು, ಎರಡು ಮನೆಯ ಪ್ಯಾದೆಯನ್ನೂ ಕ್ಯಾಸ್ಲಿಂಗನ್ನೂ ಬೇಡವೆಂದರು. ಬೇಕಾದ್ದನ್ನು ತೆಗೆದುಕೊಂಡು ಬೇಡದ್ದನ್ನು ಬಿಟ್ಟರು ಅಂತಲೇ ನಾನು ಇದನ್ನು ನೋಡುವುದು. ಮಾವನವರ ಆಟವನ್ನು ಅಪ್ಪಟ ಪ್ರಾಚೀನ ಅನ್ನುವುದಕ್ಕಾಗದು, ಇಂಗ್ಲಿಷರ ಆಟದ ಕೆಟ್ಟ ನಕಲು ಅನ್ನುವುದಕ್ಕೂ ಆಗದು. ಹೊನ್ನಾಳಿಯ ಕನ್ನಡ ಮಂಗಳೂರಿನ ಕನ್ನಡದ ತಪ್ಪು ರೂಪವಲ್ಲವಲ್ಲ, ಹಾಗೆ.

ಇತ್ತ ಮೇಷ್ಟ್ರ "ಸರಿ" ನಿಯಮಗಳಿಗೂ ಅಂಥ ವಯಸ್ಸೇನೂ ಆಗಿಲ್ಲ. ಇಟಲಿಯವರು 19ನೇ ಶತಮಾನದ ಕೊನೆಯ ದಶಕಗಳವರೆಗೂ ಕ್ಯಾಸ್ಲಿಂಗನ್ನು ತಮ್ಮದೇ ರೀತಿಯಲ್ಲಿ ಮಾಡುತ್ತಿದ್ದರು. ಜಾಗತಿಕ ಸಂಸ್ಥೆ ಫಿಡೆ ಹುಟ್ಟಿದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಅಖಿಲ ಭಾರತ ಚೆಸ್ ಫೆಡರೇಷನ್ 1951ರದ್ದು. ಅದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆಯಿತು. ನಿಮ್ಮ ಮಾವನವರಿಗೆ ಎಪ್ಪತ್ತು ದಾಟಿದ್ದರೆ ಅವರಿಗೂ ಆ ಚಾಂಪಿಯನ್‌ಷಿಪ್‌ಗೂ ಹೆಚ್ಚುಕಡಿಮೆ ಒಂದೇ ಪ್ರಾಯ.

ಆಟದ ಮೂಲದ ಬಗ್ಗೆ ಹೆಚ್ಚಿನ ವಿದ್ವಾಂಸರು ಒಪ್ಪುವುದು ಇಷ್ಟು: ಸುಮಾರು 6ನೇ ಶತಮಾನದ ಹೊತ್ತಿಗೆ ಉತ್ತರ ಭಾರತದಲ್ಲಿ ಅಷ್ಟಾಪದ ಎಂಬ ಎಂಟೆಂಟು ಮನೆಯ ಮಣೆಯ ಮೇಲೆ ಆಡುತ್ತಿದ್ದ ಚತುರಂಗ ಪರ್ಷಿಯಾಕ್ಕೆ ಹೋಯಿತು, ಅಲ್ಲಿಂದ ಅರಬರ ಮೂಲಕ ಯುರೋಪಿಗೆ. 7ನೇ ಶತಮಾನದ ಬಾಣಭಟ್ಟ ಹರ್ಷನ ಆಳ್ವಿಕೆಯನ್ನು ಹೊಗಳುತ್ತಾ, ಆ ರಾಜ್ಯದಲ್ಲಿ ಚತುರಂಗ ಕಾಣುತ್ತಿದ್ದದ್ದು ಅಷ್ಟಾಪದದ ಮೇಲೆ ಮಾತ್ರ ಎಂದು ಶ್ಲೇಷೆ ಮಾಡುತ್ತಾನೆ. ಚತುರಂಗ ಅಂದರೆ ನಾಲ್ಕು ಅಂಗದ ಸೈನ್ಯವೂ ಹೌದು, ಹಾಗಾಗಿ ಯುದ್ಧವೇ ಇರಲಿಲ್ಲ ಅನ್ನುವುದಕ್ಕೆ. ಕನ್ನಡ ನಾಡಿಗೆ ಬಂದರೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ (ಆಳ್ವಿಕೆ 1126ರಿಂದ 1138) ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ನಡುವೆ ಚತುರಂಗದ ವಿವರ ಇದೆ. ನಿಮ್ಮ ಊರಿಗೆ ಹತ್ತಿರದ ಉಚ್ಚಂಗಿದುರ್ಗದಿಂದ ಆಳುತ್ತಿದ್ದ ಪಾಂಡ್ಯರು ಆ ಚಾಲುಕ್ಯರಿಗೆ ಸಾಮಂತರು. "ನಮ್ಮ ಆಟ" ಅಂತ ಮಾವನವರು ಎದೆತಟ್ಟಿಕೊಳ್ಳಬೇಕಾದರೆ ಇದನ್ನು ಹಿಡಿದು ತಟ್ಟಿಕೊಳ್ಳಲಿ.

ಇನ್ನೊಂದು ವಿಷಯ ಇದೆ, ನನಗೆ ಬಹಳ ಪ್ರಿಯವಾದದ್ದು. ಈ ಹದಿನಾಲ್ಕು-ಹದಿನೈದು ನೂರು ವರ್ಷಗಳಲ್ಲಿ ಮಂತ್ರಿ ಬದಲಾದ, ಒಂಟೆ ಬದಲಾಯಿತು, ಪ್ಯಾದೆ ಬದಲಾಯಿತು, ರಾಜನಿಗೆ ಹೊಸ ಚಾಳಿ ಬಂತು. ಕುದುರೆಯಂತೂ ಅಂದು ಹಾರಿದ ಹಾಗೇ ಇಂದೂ ಹಾರುತ್ತಿದೆ. ಆ ಕುದುರೆಯನ್ನು ಅರುವತ್ನಾಲ್ಕು ಮನೆಗೂ, ಯಾವ ಮನೆಯನ್ನೂ ಎರಡನೇ ಸಲ ತುಳಿಯದೆ, ಸುತ್ತಿಸಿ ತರುವ ಸಮಸ್ಯೆ ಒಂದಿದೆ. ಯುರೋಪಿನಲ್ಲಿ ಗಣಿತಜ್ಞ ಆಯ್ಲರ್ 1759ರಲ್ಲಿ ಅದರ ಬಗ್ಗೆ ಬರೆದದ್ದು ಹೆಸರುವಾಸಿ. ಆದರೆ ಕಾಶ್ಮೀರದ ರುದ್ರಟ 9ನೇ ಶತಮಾನದಲ್ಲೇ ತನ್ನ ಅಲಂಕಾರಗ್ರಂಥದಲ್ಲಿ ಇದರ ಮೇಲೊಂದು ಶ್ಲೋಕ ಕಟ್ಟಿದ್ದ. ಎಂಟೆಂಟು ಅಕ್ಷರದ ನಾಲ್ಕು ಸಾಲುಗಳನ್ನು ಅರ್ಧ ಮಣೆಯಂತೆ ಬರೆದು, ನೇರವಾಗಿ ಓದಿದರೂ ಕುದುರೆಯ ನಡೆಯಲ್ಲಿ ಹಾರುತ್ತಾ ಓದಿದರೂ ಅದೇ ಶ್ಲೋಕ ಬರುವ ಹಾಗೆ! ಮುಂದೆ ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರೂ ಪಾದುಕೆಯನ್ನು ಸ್ತುತಿಸುವ ತಮ್ಮ ಸಾವಿರ ಶ್ಲೋಕಗಳಲ್ಲಿ ಈ ತುರಗಬಂಧವನ್ನು ತಂದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794–1868) ಇದೊಂದು ಗೀಳು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡ ಮೇಲೆ ಸಾಹಿತ್ಯ, ಸಂಗೀತ, ಕಲೆಗಳ ಜೊತೆ ಮಣೆಯಾಟಗಳಿಗೂ ಅವರು ಪುರುಸೊತ್ತು ಮಾಡಿಕೊಂಡರು. ಕುದುರೆಯ ಸುತ್ತುಗಳನ್ನು ರಚಿಸಿದರು, ಹೊಸ ಹೊಸ ಆಟಗಳನ್ನು ಕಟ್ಟಿದರು, ತಮ್ಮ ಗ್ರಂಥ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವನ್ನಿಟ್ಟರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಚಿತ್ರಗಳಿವೆ.

ಇಷ್ಟನ್ನೂ ಹೇಳಿದ್ದಕ್ಕೆ ಕಾರಣ ಇದೆ. ಅಜ್ಜನಿಗೂ ಮೊಮ್ಮಗಳಿಗೂ ಕುದುರೆಯ ಮೇಲೆ ಜಗಳವಿಲ್ಲ. ಒಂದು ಹಾಳೆಯ ಮೇಲೆ ಎಂಟೆಂಟು ಮನೆ ಗೆರೆ ಎಳೆದುಕೊಡಿ, ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಅಂತ ಬರೆಯುತ್ತಾ ಅರುವತ್ನಾಲ್ಕು ಮುಟ್ಟುವವರೆಗೆ ಇಬ್ಬರೂ ಸೇರಿ ಕುದುರೆ ಓಡಿಸಲಿ. ಮೊದಮೊದಲು ಐವತ್ತರ ಆಸುಪಾಸಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಎಲ್ಲಿಂದ ಹೋಗುವ ದಾರಿ ಕಡಿಮೆಯೋ ಆ ಮನೆಗೆ ಮೊದಲು ಹಾರು ಅನ್ನುವ ಸೂತ್ರ ಗೊತ್ತಿದ್ದರೆ ಬೇಗ ಮುಗಿಯುತ್ತದೆ. ಆದರೆ ಅದನ್ನು ಅವರಿಗೆ ಮೊದಲೇ ಹೇಳಬೇಡಿ.

ಮೇಷ್ಟ್ರಿಗೆ ನೀವು ಹೇಳಬೇಕಾದದ್ದು ಮೀರ್ ಸುಲ್ತಾನ್ ಖಾನ್ ಕಥೆ. ಅವಿಭಜಿತ ಪಂಜಾಬಿನವನು, ಆಡುತ್ತಾ ಬೆಳೆದದ್ದು ನಮ್ಮ ದೇಶಿ ನಿಯಮದ ಚದುರಂಗ. 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದ. ಆಶ್ರಯ ಕೊಟ್ಟಿದ್ದ ನವಾಬ ಉಮರ್ ಹಯಾತ್ ಖಾನ್ 1929ರಲ್ಲಿ ಲಂಡನ್ನಿಗೆ ಕರೆದೊಯ್ದ. ಯುರೋಪಿನ ನಿಯಮ ಕೈಗೆ ಹತ್ತಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್‌ಷಿಪ್ ಗೆದ್ದ. 1932, 1933ರಲ್ಲಿ ಮತ್ತೆ ಗೆದ್ದ. ಹೇಸ್ಟಿಂಗ್ಸ್‌ನ 1930–31ರ ಪಂದ್ಯಾವಳಿಯಲ್ಲಿ, ಮೂರು ವರ್ಷ ಹಿಂದಷ್ಟೇ ವಿಶ್ವಪಟ್ಟ ಕಳೆದುಕೊಂಡಿದ್ದ ಕಾಪಬ್ಲಾಂಕಾನನ್ನೇ ಸೋಲಿಸಿದ. ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ, ತೀರಿಕೊಂಡು ಐವತ್ತೆಂಟು ವರ್ಷ ಆದಮೇಲೆ. ಕೊಟ್ಟರಲ್ಲ ಸದ್ಯ.

ಸುಲ್ತಾನ್ ಖಾನ್‌ನ ಆಟದಲ್ಲಿ ಕೊರತೆ ಇದ್ದದ್ದು ಆರಂಭದ ನಡೆಗಳಲ್ಲಿ, ಅವನ ಬಲ ಇದ್ದದ್ದು ಕೊನೆಯಾಟದಲ್ಲಿ. ಇದನ್ನು ಅವನು ಕಲಿತ ನಿಯಮಕ್ಕೇ ಜೋಡಿಸಬಹುದು. ಪ್ಯಾದೆಗಳು ಒಂದೊಂದೇ ಮನೆ ಸರಿಯುವ ಆಟದಲ್ಲಿ ಎರಡೂ ಸೇನೆ ಮುಖಾಮುಖಿಯಾಗಲು ಹೊತ್ತು ಹಿಡಿಯುತ್ತದೆ. ಹತ್ತನೇ ನಡೆಯೊಳಗೆ ಬಲೆಗೆ ಬಿದ್ದು ಸೋಲುವ ಭಯ ಕಡಿಮೆ, ಹಾಗಾಗಿ ಆರಂಭವನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಅದೇ ಕೊನೆಯಾಟದಲ್ಲಿ, ಯಾವ ಪ್ಯಾದೆ ಯಾವ ಸಾಲಿನಲ್ಲಿ ಹೋಗಿ ಏನಾಗುತ್ತದೆ ಎಂಬ ಲೆಕ್ಕ ತಲೆಯಲ್ಲಿ ಸದಾ ಓಡುತ್ತಿರಬೇಕು. ಕುದುರೆಯ ಸಾಲಿನ ಪ್ಯಾದೆ ಮಂತ್ರಿಯಾಗಬೇಕಾದರೆ ದಾರಿಯಲ್ಲಿ ಹೊಡೆಯುತ್ತಾ ಹೊಡೆಯುತ್ತಾ ಪಕ್ಕಕ್ಕೆ ಸರಿಯಬೇಕು. ನಿಮ್ಮ ಮಗಳ ಪ್ಯಾದೆಯಾಟ ಕ್ಲಾಸಿನ ಉಳಿದ ಮಕ್ಕಳಿಗಿಂತ ಚೆನ್ನಾಗಿದೆಯೇ ಅಂತ ಮೇಷ್ಟ್ರನ್ನೇ ಕೇಳಿ. ಚೆನ್ನಾಗಿದ್ದರೆ ಅದು ಅಜ್ಜನ ಕೊಡುಗೆ.

ಅತ್ತೆಯವರ ವಿಷಯ. ಧರ್ಮರಾಯ ಸೋತದ್ದು ದಾಳಗಳ ದ್ಯೂತದಲ್ಲಿ, ಚದುರಂಗದಲ್ಲಲ್ಲ. ನಮ್ಮ ಯಕ್ಷಗಾನ, ಬಯಲಾಟ, ಕ್ಯಾಲೆಂಡರ್ ಚಿತ್ರಗಳಲ್ಲಿ ಅದು ಪಗಡೆಯಾಗಿ ಬರುತ್ತದೆ. ಮಣೆ, ಕಾಯಿ, ರಾಜರು ಎಲ್ಲ ಇರುವುದರಿಂದ ಎರಡೂ ಆಟ ನೆನಪಿನಲ್ಲಿ ಕಲಸಿಹೋಗಿವೆ. ಆದರೆ ಚದುರಂಗಕ್ಕೂ ದಾಳಕ್ಕೂ ಯಾವತ್ತೂ ನಂಟಿರಲಿಲ್ಲ ಅಂತ ನಾನು ಸುಳ್ಳು ಹೇಳಲಾರೆ. ಸುಮಾರು 1030ರಲ್ಲಿ ಅಲ್‌ಬೆರೂನಿ ಭಾರತದ ಬಗ್ಗೆ ಬರೆಯುತ್ತಾ, ನಾಲ್ಕು ಜನ ಕೂತು ದಾಳ ಹಾಕಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಅದರಲ್ಲಿ ಆನೆ ಮುಂದಕ್ಕೊಂದು ಮನೆ, ನಾಲ್ಕು ಮೂಲೆಗೆ ಒಂದೊಂದು ಮನೆ ಹೋಗುತ್ತಿತ್ತಂತೆ: ಸೊಂಡಿಲು ಒಂದು, ಕಾಲು ನಾಲ್ಕು. ದಾಳ ಇದ್ದಲ್ಲಿ ಪಣ ಬರುವುದು ಎಷ್ಟು ಹೊತ್ತು? ಈಗಿನ ಚೆಸ್‌ನಲ್ಲಿ ದಾಳವೂ ಇಲ್ಲ, ಮುಚ್ಚಿಟ್ಟ ಎಲೆಯೂ ಇಲ್ಲ. ಇಬ್ಬರಿಗೂ ಎಲ್ಲವೂ ಕಾಣುತ್ತದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಬಗ್ಗೆ ಅತ್ತೆಯವರಿಗೆ ಹೆದರಿಕೆ ಇದ್ದರೆ ಅದು ನ್ಯಾಯವಾದದ್ದೇ. ಜಾಣ್ಮೆಯ ಆಟ, ಅದೃಷ್ಟದ ಆಟ ಅನ್ನುವ ಭೇದ ಮಾಡದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಮಾಡಿದೆ ಅಂತ ಅವರಿಗೆ ಹೇಳಿ. ಅತ್ತೆಯವರು ಹುಡುಗಿಯಾಗಿದ್ದಾಗ ಚೌಕಾಬಾರ ಆಡಿಯೇ ಇರುತ್ತಾರೆ, ಕವಡೆ ಹಾಕಿ. ಹೆಂಗಸರಿಗೆ ಪಡಸಾಲೆಯ ಚೌಕಾಬಾರ, ಗಂಡಸರಿಗೆ ಕಟ್ಟೆಯ ಚದುರಂಗ ಅಂತ ಹಂಚಿಕೆಯಾಗಿದ್ದ ಕಾಲ ಅದು. ಅವರ ಕೋಪದಲ್ಲಿ ಸ್ವಲ್ಪ ಪಾಲು ಧರ್ಮರಾಯನದ್ದು, ಉಳಿದದ್ದು ಊಟಕ್ಕೆ ಕರೆದರೂ ಕಟ್ಟೆಯಿಂದ ಏಳದ ನಿಮ್ಮ ಮಾವನವರದ್ದು ಅಂತ ನನ್ನ ಗುಮಾನಿ.

ಆ ಹಂಚಿಕೆ ಈಗ ಮುರಿದಿದೆ. ಕೊನೇರು ಹಂಪಿ 2002ರಲ್ಲಿ ಹದಿನೈದನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದರು. 2024ರಲ್ಲಿ ಬುಡಾಪೆಸ್ಟ್‌ನ ಒಲಿಂಪಿಯಾಡಿನಲ್ಲಿ ಭಾರತದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಚಿನ್ನ ಗೆದ್ದವು. ಮರುವರ್ಷ ಹತ್ತೊಂಬತ್ತರ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದರು, ಫೈನಲಿನಲ್ಲಿ ಎದುರಿಗಿದ್ದವರು ಹಂಪಿಯೇ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು ಮಾತ್ರ ತಡವಾಗಿ, 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಮುಮ್ಮಡಿಯವರ ಊರಿನಿಂದಲೇ.

ಇನ್ನು ಗಣಿತ. ಯಜಮಾನರಿಗೆ ನಿರಾಸೆ ಮಾಡಬೇಕಾಗಿದೆ. ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳನ್ನು ಆರಿಸಿ, ಅರ್ಧದಷ್ಟರಲ್ಲಿ ಮಕ್ಕಳಿಗೆ ಮೂವತ್ತು ಗಂಟೆ ಚೆಸ್ ಕಲಿಸಿ, ಒಂದು ವರ್ಷ ಬಿಟ್ಟು ಗಣಿತದ ಅಂಕ ನೋಡಿದರು. 2016ರಲ್ಲಿ ಪ್ರಕಟವಾದ ಆ ವರದಿ ಹೇಳಿದ್ದು: ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಕಾರಣ ಹಳೆಯ ಇನ್ನೊಂದು ಪ್ರಯೋಗದಲ್ಲಿ ಸಿಗುತ್ತದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಅಮೆರಿಕದ ಸಂಶೋಧಕರು ನಿಜವಾದ ಪಂದ್ಯದ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾಗಿ ಮತ್ತೆ ಜೋಡಿಸಿದ, ಹೊಸಬನಿಗೆ ಆಗಲಿಲ್ಲ. ಅದೇ ಕಾಯಿಗಳನ್ನು ಮಣೆಯ ಮೇಲೆ ಸಿಕ್ಕಾಪಟ್ಟೆ ಚೆಲ್ಲಿ ತೋರಿಸಿದಾಗ ಇಬ್ಬರೂ ಹೆಚ್ಚುಕಡಿಮೆ ಒಂದೇ. ಅಂದರೆ ಪಳಗಿದವನ ತಲೆಯಲ್ಲಿ ಬೆಳೆದದ್ದು ಎಲ್ಲಕ್ಕೂ ಒದಗುವ ನೆನಪಿನ ಶಕ್ತಿಯಲ್ಲ, ಚದುರಂಗದ ಸಾವಿರಾರು ವಿನ್ಯಾಸಗಳ ಪರಿಚಯ. ಅದು ಭಿನ್ನರಾಶಿಯ ಲೆಕ್ಕಕ್ಕೆ ಬಂದು ಸಹಾಯ ಮಾಡುವುದಿಲ್ಲ. ಗಣಿತಕ್ಕೆ ಗಣಿತವನ್ನೇ ಮಾಡಿಸಿ.

ಹಾಗಾದರೆ ಕ್ಲಾಸಿಗೆ ಯಾಕೆ ಕಳಿಸಬೇಕು? ಅವಳಿಗೆ ಇಷ್ಟ ಇದ್ದರೆ ಕಳಿಸಿ, ಬೇರೆ ಕಾರಣ ಬೇಕಾಗಿಲ್ಲ. ನಾನು ಪಂದ್ಯಗಳಲ್ಲಿ ತೀರ್ಪುಗಾರನಾಗಿ ಕೂರುವವನು; ಭಾನುವಾರದ ಟೂರ್ನಮೆಂಟುಗಳಲ್ಲಿ ಸೋತು ಹೊರಬರುವ ಮಕ್ಕಳಿಗಿಂತ ಬಾಗಿಲ ಹೊರಗೆ ಕಾಯುವ ಅಪ್ಪ-ಅಮ್ಮಂದಿರ ಮುಖವೇ ಹೆಚ್ಚು ಬಾಡಿರುತ್ತದೆ. ಮಗು ಆಗಲೇ ಮಂಡಕ್ಕಿ-ಮಿರ್ಚಿ ಎಲ್ಲಿ ಅಂತ ಕೇಳುತ್ತಿರುತ್ತದೆ, ಅಪ್ಪ ಇನ್ನೂ ರೇಟಿಂಗ್ (ಆಟಗಾರರ ಬಲ ಅಳೆಯುವ ಅಂಕ) ಲೆಕ್ಕ ಹಾಕುತ್ತಿರುತ್ತಾನೆ. ಫಿಡೆ 2024ರ ಮಾರ್ಚಿನಿಂದ ಕನಿಷ್ಠ ರೇಟಿಂಗನ್ನು 1400ಕ್ಕೆ ಏರಿಸಿದೆ. ಒಂಬತ್ತರ ಮಗುವಿಗೆ ಅದಿಲ್ಲ ಅಂತ ತಲೆಕೆಡಿಸಿಕೊಳ್ಳುವ ಕಾಲ ಇದಲ್ಲ. ಮೇಷ್ಟ್ರನ್ನು ಮಾತ್ರ ನಾನು ಪೂರ್ತಿ ದೂರಲಾರೆ. ಕಲಿತ ಕೈ ಅಭ್ಯಾಸದಲ್ಲೇ ನಡೆಯುತ್ತದೆ, ಗಡಿಯಾರ ಓಡುವಾಗ ಹಳೆಯ ನಿಯಮ ನುಗ್ಗಿಬರುತ್ತದೆ ಅನ್ನುವ ಭಯ ಅವರದ್ದು. ಅದು ನಿಜವಾದ ಭಯ. ಆದರೆ ಅದಕ್ಕೆ ಪರಿಹಾರ ಮರೆಯುವುದಲ್ಲ, ಎರಡನ್ನೂ ಬೇರೆ ಬೇರೆ ಇಡುವುದು. ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ ಆಡುವುದಿಲ್ಲವೇ?

ಮನೆಯಲ್ಲಿ ಎರಡು ಮಣೆ ಇಡಿ. ಅಜ್ಜನದ್ದು ಅಜ್ಜನ ಮರದ ಮಣೆ ಅಥವಾ ಬಟ್ಟೆಯ ಹಾಸು; ಅದರ ಮೇಲೆ ರಾಜನೆದುರು ಮಂತ್ರಿ, ಅಜ್ಜನ ನಿಯಮ. ಕ್ಲಾಸಿನದ್ದು ಕ್ಲಾಸಿನ ಪ್ಲಾಸ್ಟಿಕ್ ಮಣೆ. ಅದರ ಮೇಲೆ ಅಜ್ಜನೂ ಮೊಮ್ಮಗಳು ಹೇಳಿದ ಹಾಗೆ ಆಡಬೇಕು, ಅವಳು ಅವರಿಗೆ ಕ್ಯಾಸ್ಲಿಂಗ್ ಹೇಳಿಕೊಡಬೇಕು. ಒಂದೇ ಮಣೆಯ ಮೇಲೆ ಎರಡೂ ಬೇಡ.

ಮೊದಲ ಟೂರ್ನಮೆಂಟಿಗೆ ಹೋಗುವ ಮುಂಚೆ ಕೆಲವನ್ನು ಮಾತ್ರ ಅವಳಿಂದ ಬಾಯಲ್ಲಿ ಹೇಳಿಸಿ. ಮುಟ್ಟಿದ ಕಾಯನ್ನು ಆಡಲೇಬೇಕು. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜನನ್ನೇ ಮುಟ್ಟಬೇಕು, ಒಂದೇ ಕೈಯಲ್ಲಿ. ಆನೆಯನ್ನು ಮೊದಲು ಮುಟ್ಟಿದರೆ ಆ ಬದಿಗೆ ಆ ನಡೆಯಲ್ಲಿ ಕ್ಯಾಸ್ಲಿಂಗ್ ಇಲ್ಲ. ಎದುರಾಳಿಯ ಪ್ಯಾದೆ ಎರಡು ಮನೆ ಹಾರಿ ಅವಳ ಪ್ಯಾದೆಯ ಪಕ್ಕದಲ್ಲಿ ನಿಂತರೆ ಅದನ್ನು ಹಾದಿಯಲ್ಲೇ ಹೊಡೆಯುವ ಅವಕಾಶ ಆ ಒಂದು ನಡೆಗೆ ಮಾತ್ರ. ಅಜ್ಜನ ಆಟದಲ್ಲಿ ಎರಡು ಮನೆಯ ನಡೆಯೇ ಇಲ್ಲದ್ದರಿಂದ ಇದು ಅವಳಿಗೆ ಕಣ್ತಪ್ಪುವ ಸಂಭವ ಜಾಸ್ತಿ. ಕೊನೆಯ ಸಾಲು ಮುಟ್ಟಿದ ಪ್ಯಾದೆ ಯಾವ ಮನೆಯಲ್ಲಿದ್ದರೂ ಮಂತ್ರಿಯಾಗಬಹುದು. ಚೆಕ್ ಇಲ್ಲದೆ ಎದುರಾಳಿಗೆ ನಡೆಯೇ ಉಳಿಯದ ಹಾಗೆ ಮಾಡಿದರೆ ಅದು ಗೆಲುವಲ್ಲ, ಡ್ರಾ. ರಾಜನನ್ನು ಕುದುರೆಯ ಹಾಗೆ ಹಾರಿಸಿ ಗಡಿಯಾರ ಒತ್ತಿದರೆ ಅದು ಅಕ್ರಮ ನಡೆ: ಸಾಮಾನ್ಯ ಅವಧಿಯ ಪಂದ್ಯದಲ್ಲಿ ಮೊದಲ ಸಲಕ್ಕೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಮಯ ಕೊಡುತ್ತೇವೆ, ಎರಡನೇ ಸಲಕ್ಕೆ ಪಂದ್ಯವೇ ಹೋಗುತ್ತದೆ.